ಕಲ್ಲಿನೊಳಗಣ ನೆಂಟರು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಸ್ತ್ರೀವಿದ್ಯೆಯ ಮಹತ್ವವನ್ನು ಕುರಿತೋ ಗೃಹಕೃತ್ಯದ ಅಚ್ಚುಕಟ್ಟನ್ನು ಕುರಿತೋ ಒಂದು ಲೇಖನವಿರುವುದು ಬಹುಕಾಲದ ವಾಡಿಕೆಯಾಗಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ನಮ್ಮ ವಶಕ್ಕೊಪ್ಪಿಸಿರುವ ತಾಯಿತಂದೆಗಳೂ ಅಂಥದನ್ನೇ ನಿರೀಕ್ಷಿಸಿ ಈ ಪುಟವನ್ನು ತೆರೆದಿದ್ದರೆ, ಹಲ್ಲಿಯಂತಿರುವ ಒಂದು ಪ್ರಾಣಿಯ ವೃತ್ತಾಂತವನ್ನು ಕಂಡು ಬೆರಗಾಗಬಹುದು. ಆದರೆ ನಾವು ಹೇಳಹೊರಟಿರುವುದೂ ಸ್ತ್ರೀವಿದ್ಯೆಯ ಮಾತೇ ಆಗಿದೆ. ವೈಟ್‌ಫೀಲ್ಡು, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಕಡೆಯ ಮನೆಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ವಿದ್ಯೆಯ ಬಾಗಿಲು ಮುಚ್ಚಿಕೊಂಡಿದೆ. ಅದು ನೆಲದ ವಿದ್ಯೆ, ಭೂಗರ್ಭಶಾಸ್ತ್ರ. ಮುಚ್ಚಿದವರು ಬೇರೆ ಯಾರೂ ಅಲ್ಲ, ಮನೆಯವರೇ. ಆ ಬಾಗಿಲನ್ನು ತೆರೆಯಬೇಕೆಂದು ಕೇಳುವುದಕ್ಕಾಗಿ ನಾವು ಆ ಪ್ರಾಣಿಯನ್ನು ಮುಂದಿಟ್ಟುಕೊಂಡಿದ್ದೇವೆ.

ಅದರ ಹೆಸರು ಟುವಟಾರ. ಇದು ನ್ಯೂಜಿಲೆಂಡಿನ ಮಾವೊರಿ ಜನರಿಟ್ಟ ಹೆಸರು. ಬೆನ್ನಿನ ಮೇಲೆ ಮೊನೆಗಳುಳ್ಳದ್ದು ಎಂದು ಅದರ ಅರ್ಥ. ನೋಟಕ್ಕೆ ನಮ್ಮ ಬೇಲಿಯ ಓತಿಕ್ಯಾತನ ದೊಡ್ಡಣ್ಣನಂತೆ ತೋರುವ ಇದು ಎರಡು ಅಡಿಯಷ್ಟು ಬೆಳೆಯುವುದು. 1831ರಲ್ಲಿ ಲಂಡನ್ನಿನ ಗ್ರೇ ಎಂಬ ಪಂಡಿತರು ಇದರ ಒಂದು ತಲೆಬುರುಡೆಯನ್ನು ನೋಡಿ ಹಲ್ಲಿಯೆಂದೇ ಬಗೆದರು. 1867ರಲ್ಲಿ ಗುಂತರ್ ಎಂಬವರು ಎಲುಬುಗಳನ್ನು ಚೆನ್ನಾಗಿ ಪರೀಕ್ಷಿಸಿ, ಇದು ಹಲ್ಲಿಯಲ್ಲ, ಹಾವಲ್ಲ, ಆಮೆಯಲ್ಲ, ಮೊಸಳೆಯೂ ಅಲ್ಲ, ಸರೀಸೃಪಗಳಲ್ಲಿ ಬೇರೆಯೇ ಒಂದು ಗಣಕ್ಕೆ ಸೇರಿದ್ದು ಎಂದು ತೋರಿಸಿಕೊಟ್ಟರು. ಆ ಗಣದಲ್ಲಿ ಇಂದು ಜೀವಂತವಾಗಿ ಉಳಿದಿರುವುದು ಇದೊಂದೇ. ಹಲ್ಲಿಗಳೂ ಹಾವುಗಳೂ ಸೇರಿದ ವಂಶಕ್ಕೂ ಇದರ ವಂಶಕ್ಕೂ ಒಬ್ಬನೇ ಮೂಲಪುರುಷನಿದ್ದ ಕಾಲ ಸುಮಾರು 25 ಕೋಟಿ ವರ್ಷಗಳ ಹಿಂದಿನದೆಂದು 2020ರಲ್ಲಿ ಪ್ರಕಟವಾದ ಇದರ ವಂಶವಾಹಿಗಳ ಅಧ್ಯಯನದಿಂದ ತಿಳಿಯಬರುತ್ತದೆ.

ಇದರ ಬಾಯಿಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮುಂದಿನ ಕಥೆಯೆಲ್ಲ ಹಲ್ಲಿನ ಮೇಲೆಯೇ ನಿಂತಿದೆ. ನಮ್ಮ ಹಲ್ಲುಗಳು ಒಸಡಿನೊಳಗಣ ಗುಳಿಗಳಲ್ಲಿ ಬೇರೂರಿರುವುವು. ಟುವಟಾರದ ಹಲ್ಲುಗಳಾದರೋ ದವಡೆಯ ಎಲುಬಿನ ಅಂಚಿಗೇ ಬೆಸೆದುಕೊಂಡಿರುತ್ತವೆ. ಮೇಲುದವಡೆಯಲ್ಲಿ ಎರಡು ಸಾಲು, ಕೆಳದವಡೆಯಲ್ಲಿ ಒಂದು ಸಾಲು. ಕೆಳಗಣ ಸಾಲು ಮೇಲಿನ ಎರಡರ ನಡುವಣ ಸಂದಿನಲ್ಲಿ ಕೂಡಿಕೊಂಡು, ಬಾಯಿ ಮುಚ್ಚಿದ ಮೇಲೆ ಗರಗಸದಂತೆ ಮುಂದಕ್ಕೆ ಸರಿಯುವುದು. ಸವೆದ ಹಲ್ಲಿನ ಜಾಗದಲ್ಲಿ ಹೊಸದು ಹುಟ್ಟದು. ಆದುದರಿಂದ ಮುದಿ ಟುವಟಾರಗಳು ಹುಳುಹುಪ್ಪಟೆಗಳಂಥ ಮೆತ್ತನೆಯ ಆಹಾರವನ್ನೇ ನೆಚ್ಚಿಕೊಳ್ಳುತ್ತವೆ. ನೂರು ವರ್ಷ ಬದುಕುವ ಪ್ರಾಣಿಗೆ ಇದೇನೂ ಸಣ್ಣ ತೊಂದರೆಯಲ್ಲ. ಇನ್ವರ್‌ಕಾರ್ಗಿಲ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಸಾಕಿದ್ದ ಹೆನ್ರಿ ಎಂಬ ಗಂಡು ಟುವಟಾರವು 2009ರಲ್ಲಿ, ಸುಮಾರು 111 ವರ್ಷದ ಪ್ರಾಯದಲ್ಲಿ, ತಂದೆಯಾಯಿತೆಂದು ಆಗ ವೃತ್ತಪತ್ರಿಕೆಗಳಲ್ಲಿ ಬಂದುದನ್ನು ಕೆಲವರಾದರೂ ಓದಿರಬಹುದು.

ಇಂಥ ಪ್ರಾಣಿಯನ್ನು ಕುರಿತು ಬರೆಯುವವರು ಅದನ್ನು ಜೀವಂತ ಪಳೆಯುಳಿಕೆಯೆಂದು ಕರೆದು ಕೈತೊಳೆದುಕೊಳ್ಳುವರು. ನಮಗೆ ಆ ಮಾತು ರುಚಿಸುವುದಿಲ್ಲ. ಕಾಲಪ್ರವಾಹವು ಮರೆತು ದಡದಲ್ಲಿ ಬಿಟ್ಟುಹೋದ ವಸ್ತು ಇದು ಎಂಬ ಭಾವನೆ ಅದರಲ್ಲಿದೆ. ನಿಜಸ್ಥಿತಿ ಬೇರೆ. ಟುವಟಾರದ ಕುಲವು ಒಂದು ಕಾಲಕ್ಕೆ ಭೂಮಂಡಲದ ಮೇಲೆಲ್ಲ ಹರಡಿದ್ದ ತುಂಬು ಸಂಸಾರ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಸುಣ್ಣಕಲ್ಲಿನ ಸಂದುಗಳಲ್ಲಿ ದೊರೆತ ಕ್ಲೆವೊಸಾರಸ್ ಎಂಬುದಕ್ಕೆ 1939ರಲ್ಲಿ ಹೆಸರಿಟ್ಟರು. ಅದರ ದಾಯಾದಿಗಳು ಚೀನಾ ದೇಶದ ಯುನ್ನಾನಿನಲ್ಲಿಯೂ, ದಕ್ಷಿಣ ಆಫ್ರಿಕಾದಲ್ಲಿಯೂ, ಬ್ರೆಜಿಲಿನಲ್ಲಿಯೂ ಕಂಡುಬಂದಿರುವರು. ಜರ್ಮನಿಯ ಸೋಲ್ನ್‌ಹೋಫನ್ ಕಲ್ಲುಗಳಲ್ಲಿ ಈ ಕುಲದ ಒಂದು ಶಾಖೆ ಹಾವಿನಂತೆ ನೀಳವಾದ ಮೈ ತಾಳಿ ಸಮುದ್ರದಲ್ಲಿ ಈಜುತ್ತಿದ್ದುದರ ಗುರುತಿದೆ. ಅರ್ಜೆಂಟೀನದಲ್ಲಿ ಸೊಪ್ಪುಸದೆಯನ್ನು ತಿಂದು ಮೂರಡಿಗೂ ಮಿಗಿಲಾಗಿ ಬೆಳೆದ ಇನ್ನೊಂದರ ಎಲುಬುಗಳು ರಾಶಿ ರಾಶಿಯಾಗಿ ದೊರೆತು, ಅದರ ವಿವರಣೆ 2003ರಲ್ಲಿ ಪ್ರಕಟವಾಯಿತು. ಈಜುವವರು, ಓಡುವವರು, ಹುಳು ಹಿಡಿಯುವವರು, ಮೇಯುವವರು, ಹೀಗೆ ನಾನಾ ವೃತ್ತಿಯ ಈ ಬಳಗದಲ್ಲಿ ಕಟ್ಟಕಡೆಗೆ ಒಂದು ಮನೆ ಮಾತ್ರ ಉಳಿದಿದೆ. ಹಿಂದೆ ಬಿದ್ದ ಪ್ರಾಣಿ ಬೇರೆ, ಹಿಂದೆ ಉಳಿದ ಪ್ರಾಣಿ ಬೇರೆ.

ಈ ಬಳಗದ ನೆಂಟರು ಹಿಂದೂದೇಶದಲ್ಲಿ ಇದ್ದರೆ? ಇದ್ದರು. ಅದೂ ನಮಗೆ ಬಹಳ ದೂರದಲ್ಲೇನೂ ಅಲ್ಲ. ಬೆಂಗಳೂರಿನಿಂದ ಸಿಕಂದರಾಬಾದಿನ ಮೇಲೆ ದೆಹಲಿಗೆ ಹೋಗುವ ರೈಲುಗಳು ಕಾಜಿಪೇಟೆಯನ್ನು ದಾಟಿ ಬಲ್ಲಾರ್ಷಾ ಮುಟ್ಟುವುದರೊಳಗೆ ತೆಲಂಗಾಣದ ಹಿಂದಿನ ಆದಿಲಾಬಾದು ಜಿಲ್ಲೆಯ ಸೀಮೆಯನ್ನು ಹಾಯುತ್ತವೆ. ಪ್ರಾಣಹಿತಾ ಗೋದಾವರಿಗಳ ಆ ಕಣಿವೆಯಲ್ಲಿ ಕಲ್ಲಿದ್ದಲಿನ ಗಣಿಗಳಿರುವುದು ಎಲ್ಲರಿಗೂ ಗೊತ್ತು. ಅಲ್ಲಿಯೇ ಕೆಂಪು ಜೇಡಿಯ ಪದರಗಳೂ ಸುಣ್ಣಕಲ್ಲಿನ ಪದರಗಳೂ ಒಂದರ ಮೇಲೊಂದು ಪುಟ ಜೋಡಿಸಿದಂತೆ ಕುಳಿತಿವೆ. ಕೆಳಗಿನವು ಮಾಲೇರಿ ಎಂಬ ಹಳ್ಳಿಯ ಹೆಸರಿನವು, ಸುಮಾರು 22 ಕೋಟಿ ವರ್ಷಗಳಷ್ಟು ಹಳೆಯವು. ಮೇಲಿನವು ಪ್ರಾಣಹಿತೆಯ ಆಚೆ ದಡದ ಕೋಟ ಎಂಬ ಗ್ರಾಮದ ಹೆಸರಿನವು, ಜುರಾಸಿಕ್ ಎಂಬ ಯುಗಕ್ಕೆ ಸೇರಿದವು.

ಈ ಸೀಮೆಯ ಕಲ್ಲಿನ ಮಹಿಮೆಯನ್ನು ಹೊರಗೆ ತಂದವರಲ್ಲಿ ಮೊದಲಿಗರೊಬ್ಬರು ನಮ್ಮ ಶಾಲೆಯಂಥ ಶಾಲೆಗಳ ಚರಿತ್ರೆಗೇ ಸೇರಿದವರು. ಸ್ಟೀಫನ್ ಹಿಸ್ಲಾಪ್ ಎಂಬವರು ಸ್ಕಾಟ್ಲೆಂಡಿನಿಂದ ನಾಗಪುರಕ್ಕೆ ಬಂದ ಪಾದ್ರಿಗಳು. ಅಲ್ಲಿ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಗೊಂಡರ ಭಾಷೆಯನ್ನೂ ಅವರ ಹಾಡುಕಥೆಗಳನ್ನೂ ಬರೆದಿಟ್ಟುಕೊಂಡರು. 1851ರಿಂದಾಚೆಗೆ ಹಂಟರ್ ಎಂಬ ಜೊತೆಗಾರ ಪಾದ್ರಿಗಳೊಡನೆ ಸುತ್ತಲ ಬಯಲುಗಳಲ್ಲಿ ಶಿಲಾವಶೇಷಗಳನ್ನು ಆಯತೊಡಗಿದರು. ಮಾಲೇರಿಯಲ್ಲಿ ಸೆರಟೋಡಸ್ ಎಂಬ ಮೀನಿನ ಹಲ್ಲುಗಳು ದೊರೆತುದು ಇವರ ಶೋಧನೆಯಿಂದಲೇ. ಹಲವು ವರ್ಷಗಳ ತರುವಾಯ, 1870ರಲ್ಲಿ, ಅದೇ ಕುಲದ ಮೀನು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಹೊಳೆಗಳಲ್ಲಿ ಜೀವಂತವಾಗಿರುವುದು ತಿಳಿದು ವಿದ್ವಾಂಸರು ಚಕಿತರಾದರು. ಹಿಸ್ಲಾಪರಿಗೆ ಆ ಸುದ್ದಿಯನ್ನು ಕೇಳುವ ಭಾಗ್ಯವಿರಲಿಲ್ಲ. ಟಾಕಳಘಾಟದ ಪುರಾತನ ಸಮಾಧಿಗಳನ್ನು ನೋಡಿಕೊಂಡು ಕುದುರೆಯ ಮೇಲೆ ಹಿಂದಿರುಗುತ್ತಿದ್ದಾಗ, 1863ರ ಸೆಪ್ಟೆಂಬರಿನಲ್ಲಿ, ಉಕ್ಕಿದ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಅವರಿಗೆ ಆಗ 45 ವರ್ಷ. ನಾಗಪುರದ ಹಿಸ್ಲಾಪ್ ಕಾಲೇಜು ಅವರ ಸ್ಮಾರಕವಾಗಿ ನಿಂತಿದೆ.

ಮೀನು ದಖ್ಖಣದ ಕಲ್ಲಿನಲ್ಲಿ, ಅದರ ಮೊಮ್ಮಗ ಆಸ್ಟ್ರೇಲಿಯದ ಹೊಳೆಯಲ್ಲಿ. ಇದು ಹೇಗೆ? ಮಾಲೇರಿಯಲ್ಲಿಯೇ ಗಿಳಿಯ ಕೊಕ್ಕಿನಂಥ ಮೂತಿಯ, ಹಂದಿಯಷ್ಟು ದಪ್ಪದ ಒಂದು ಸರೀಸೃಪದ ಎಲುಬುಗಳೂ ದೊರೆತವು. ಅದರ ಒಡಹುಟ್ಟು ಸ್ಕಾಟ್ಲೆಂಡಿನ ಎಲ್ಗಿನ್ ಎಂಬಲ್ಲಿಯ ಮರಳುಗಲ್ಲಿನಲ್ಲಿ ಅದಕ್ಕೆ ಮೊದಲೇ ಸಿಕ್ಕಿತ್ತು. ಹಕ್ಸ್‌ಲಿ ಎಂಬ ಮಹಾಪಂಡಿತರು ಅದಕ್ಕೆ ಹೈಪರೊಡಪಿಡಾನ್ ಎಂದು ಹೆಸರಿಟ್ಟಿದ್ದರು. ಮುಂದೆ ಅದರ ಬಳಗ ಬ್ರೆಜಿಲ್, ಅರ್ಜೆಂಟೀನ, ಟಾಂಜಾನಿಯಗಳಲ್ಲಿಯೂ ಕಂಡುಬಂತು. ಕೊಕ್ಕಿನ ಹೋಲಿಕೆಯಿಂದಲೂ ಹಲ್ಲುಸಾಲಿನ ರೀತಿಯಿಂದಲೂ ಇದನ್ನು ಟುವಟಾರದ ಹತ್ತಿರದ ನೆಂಟನೆಂದೇ ಹಕ್ಸ್‌ಲಿಯವರ ಕಾಲದಿಂದ ನಂಬಿ, ಹಳೆಯ ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿ ಎರಡನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸುತ್ತಿದ್ದರು. ಈಚಿನ ಪರೀಕ್ಷೆಯಲ್ಲಿ ಆ ನೆಂಟಸ್ತಿಕೆ ನಿಲ್ಲಲಿಲ್ಲ. ಕೊಕ್ಕಿನ ಪ್ರಾಣಿಯು ಮೊಸಳೆ ಮತ್ತು ಪಕ್ಷಿಗಳ ಕಡೆಯ ವಂಶಕ್ಕೆ ಸೇರಿದುದೆಂದು ಈಗ ಒಪ್ಪಲಾಗಿದೆ. ಆದರೂ ಅದು ಎತ್ತಿದ ಪ್ರಶ್ನೆ ಉಳಿಯಿತು. ಸಮುದ್ರ ದಾಟಲಾರದ ಪ್ರಾಣಿ ಅಷ್ಟು ದೇಶಗಳನ್ನು ಸೇರಿದುದು ಹೇಗೆ?

ಭೂಖಂಡಗಳು ಕದಲುವುದಿಲ್ಲವೆಂದು ನಂಬಿದ್ದ ಕಾಲದಲ್ಲಿ ಇದಕ್ಕೆ ಮುಳುಗಿಹೋದ ಸೇತುವೆಗಳನ್ನು ಕಲ್ಪಿಸಿಕೊಳ್ಳಬೇಕಾಗಿತ್ತು. ಇಂದು ಉತ್ತರ ಸುಲಭ: ಪ್ರಾಣಿಗಳು ನಡೆದುಕೊಂಡು ಹೋದವು, ಆಗ ನೆಲವೆಲ್ಲ ಒಂದೇ ಆಗಿತ್ತು. ಆ ಕೂಡುನೆಲದ ದಕ್ಷಿಣಾರ್ಧಕ್ಕೆ ಶಾಸ್ತ್ರಜ್ಞರು ಇಟ್ಟಿರುವ ಹೆಸರು ಗೊಂಡ್ವಾನ. ಪ್ರಪಂಚದ ಸಕಲ ಭಾಷೆಗಳ ಭೂಗೋಳ ಪುಸ್ತಕಗಳಲ್ಲಿ ಮೆರೆಯುತ್ತಿರುವ ಈ ಪದವು ಹಿಸ್ಲಾಪರು ಯಾರ ಹಾಡುಗಳನ್ನು ಬರೆದುಕೊಂಡರೋ ಆ ಗೊಂಡರ ನಾಡಿನ ಹೆಸರೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. 1872ರಲ್ಲಿ ಮೆಡ್ಲಿಕಾಟ್ ಎಂಬವರು ನಮ್ಮ ದೇಶದ ಕಲ್ಲುಪದರಗಳಿಗೆ ಈ ಹೆಸರನ್ನು ಬಳಸಿದರು. ವೀಗನರ್ ಎಂಬ ಜರ್ಮನ್ ವಿದ್ವಾಂಸರು 1912ರಲ್ಲಿ ಭೂಖಂಡಗಳ ಚಲನೆಯ ವಾದವನ್ನು ಮುಂದಿಟ್ಟು ಬಹಳ ಜನರ ಪರಿಹಾಸ್ಯಕ್ಕೆ ಗುರಿಯಾದರು.

ಇನ್ನು ಟುವಟಾರದ ನಿಜವಾದ ನೆಂಟರ ವಿಷಯ. ಕೋಟ ಪದರಗಳೆಂದರೆ ಜನಕ್ಕೆ ನೆನಪಾಗುವುದು ಬರಾಪಾಸಾರಸ್ ಎಂಬ ಆನೆಗಳನ್ನು ಮೀರಿಸಿದ ಡೈನೋಸಾರು. ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವರು 1958ರಿಂದ ಅಗೆದು ಮೂಟೆಗಟ್ಟಲೆ ಎಲುಬುಗಳನ್ನು ತೆಗೆದು, ರವೀಂದ್ರನಾಥ ಠಾಕೂರರ ಹೆಸರನ್ನು ಅದಕ್ಕೆ ಸೇರಿಸಿ, ಅಸ್ಥಿಪಂಜರವನ್ನು ತಮ್ಮ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿರುವರು. ಅದೇ ಪದರದಲ್ಲಿ ಆ ಪರ್ವತಪ್ರಾಯ ಪ್ರಾಣಿಯ ಕಾಲಡಿ ಹರಿದಾಡುತ್ತಿದ್ದ ಸಣ್ಣ ಜೀವಿಗಳ ದವಡೆಚೂರುಗಳೂ ಇದ್ದವು. ಜೀರಿಗೆಯಷ್ಟೂ ಇಲ್ಲದ ಚೂರುಗಳು ಅವು. ಅವುಗಳಿಗೆ ಗುದ್ದಲಿ ಹಾರೆಗಳಿಂದ ಪ್ರಯೋಜನವಿಲ್ಲ. ಜೇಡಿಮಣ್ಣನ್ನು ಚೀಲಗಳಲ್ಲಿ ತುಂಬಿ ತಂದು, ನೀರಿನಲ್ಲಿ ನೆನೆಸಿ ಕರಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದುದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಾಳು ಕಾಳಾಗಿ ಆರಿಸಬೇಕು. ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಹೆಕ್ಕಿದ ಅಭ್ಯಾಸವುಳ್ಳವರಿಗೆ ಈ ಕೆಲಸದ ಬೇಸರವೂ ಸೊಗಸೂ ಎರಡೂ ತಿಳಿದಿವೆ. ಇಲ್ಲಿ ಮಾತ್ರ ಅಕ್ಕಿಯನ್ನು ಚೆಲ್ಲಿ ಕಲ್ಲನ್ನು ಇಟ್ಟುಕೊಳ್ಳುವುದು!

ಜಮ್ಮು ವಿಶ್ವವಿದ್ಯಾಲಯದ ಪ್ರಸಾದ್ ಮತ್ತು ಮನ್ಹಾಸ್ ಎಂಬ ವಿದ್ವಾಂಸರೂ ಲಂಡನ್ನಿನ ಸೂಸನ್ ಇವಾನ್ಸ್ ಎಂಬ ವಿದುಷಿಯೂ ಕೂಡಿ ಈ ಚೂರುಗಳನ್ನು ಪರೀಕ್ಷಿಸಿದರು. ಎಲುಬಿನ ಅಂಚಿಗೆ ಬೆಸೆದ ಹಲ್ಲುಗಳು ಕಂಡವು. ಟುವಟಾರದ ಕುಲದ ಮತ್ತಿತರ ಲಕ್ಷಣಗಳೂ ಕಂಡವು. 2001ರಲ್ಲಿ ಅವರು ಎರಡು ಹೊಸ ಪ್ರಾಣಿಗಳನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟರು. ಒಂದು ಗೋದಾವರಿಸಾರಸ್, ಇನ್ನೊಂದು ರೆಬ್ಬನ ಎಂಬ ಗ್ರಾಮದ ಹೆಸರಿನ ರೆಬ್ಬನಾಸಾರಸ್. ಗೋದಾವರಿ ಎಂದು ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಹೆಸರಿಡುತ್ತೇವೆ; ಆ ಹೆಸರು ನ್ಯೂಜಿಲೆಂಡಿನ ಟುವಟಾರದ ವಂಶವೃಕ್ಷದಲ್ಲಿಯೂ ಸೇರಿಕೊಂಡಿದೆ.

ಸಣ್ಣ ಚೂರಿನಿಂದ ದೊಡ್ಡ ಮಾತು ಹೇಳುವಾಗ ಎಷ್ಟು ಜಾಗರೂಕತೆ ಬೇಕೆಂಬುದಕ್ಕೂ ನಮ್ಮ ದೇಶದಲ್ಲಿಯೇ ಒಂದು ದೃಷ್ಟಾಂತವಿದೆ. ಮಧ್ಯಪ್ರದೇಶದ ಟಿಕಿ ಎಂಬ ಪದರಗಳಿಂದ ಬಂದ ಒಂದು ಪುಟ್ಟ ದವಡೆಯನ್ನು 2006ರಲ್ಲಿ ಪ್ರಪಂಚದ ಅತಿ ಪ್ರಾಚೀನ ಹಲ್ಲಿಯೆಂದು ಪ್ರಕಟಿಸಲಾಯಿತು. 2012ರಲ್ಲಿ ಬೇರೆ ವಿದ್ವಾಂಸರು ಅದನ್ನು ಇಂದಿನ ಹಲ್ಲಿಗಳೊಡನೆ ಹೋಲಿಸಿ ನೋಡಿ, ಅದು ಇಂದಿನ ಓತಿಕ್ಯಾತಗಳ ಕುಟುಂಬಕ್ಕೇ ಸೇರಿದ್ದು, ಈಚಿನ ಕಾಲದ ದವಡೆಯೊಂದು ಹೇಗೋ ಹಳೆಯ ಮಣ್ಣಿನಲ್ಲಿ ಬೆರೆತಿರಬೇಕು ಎಂದು ವಾದಿಸಿದರು. ಓತಿಕ್ಯಾತನಿಗೂ ಹಲ್ಲುಗಳು ದವಡೆಯ ಅಂಚಿಗೇ ಬೆಸೆದಿರುವುವು. ಬೇಲಿಯ ಮೇಲೆ ಕುಳಿತು ತಲೆದೂಗುವ ಪ್ರಾಣಿಯನ್ನು ಬಲ್ಲವರಿಗೇ ಇಪ್ಪತ್ತು ಕೋಟಿ ವರ್ಷದ ಲೆಕ್ಕವನ್ನು ತಿದ್ದುವ ಅಧಿಕಾರ ಬಂತೆಂಬುದು ನಮಗೆ ತುಂಬ ಮೆಚ್ಚುಗೆಯಾದ ಸಂಗತಿ.

ಇಷ್ಟನ್ನು ಕೇಳಿದ ಹುಡುಗಿ ಕೂಡಲೆ ಕೇಳುವ ಪ್ರಶ್ನೆ ಒಂದೇ: ನಮ್ಮ ಊರಿನಲ್ಲಿ ಅಗೆದರೆ ಇಂಥದು ಸಿಕ್ಕುವುದೆ? ಸಿಕ್ಕುವುದಿಲ್ಲವೆಂದು ನೇರವಾಗಿ ಹೇಳಬೇಕು. ವೈಟ್‌ಫೀಲ್ಡಿನಲ್ಲಿ ಗೋಪುರದಂಥ ಮನೆಗಳಿಗೆ ಪಾಯ ತೋಡುವಾಗಲೂ, ಪೀಣ್ಯದಲ್ಲಿ ಕೊಳವೆ ಬಾವಿ ಕೊರೆಯುವಾಗಲೂ, ಎಲೆಕ್ಟ್ರಾನಿಕ್ ಸಿಟಿಯ ದಾರಿಗಾಗಿ ಬಂಡೆ ಸಿಡಿಸುವಾಗಲೂ ಹೊರಬೀಳುವುದು ಬೂದುಬಣ್ಣದ, ಬಿಳಿಯ ಎಳೆಗಳು ಅಲೆಅಲೆಯಾಗಿ ಓಡುವ ಒಂದೇ ಕಲ್ಲು. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸ್ಮೀತ್ ಎಂಬವರು ಇದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಯೂ ಇದೇ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿ ಫಲಕ ನಿಲ್ಲಿಸಿರುವರು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಆಳದಲ್ಲಿ ಬೆಂದು ಕರಗಿ ಮಡಿಚಿಕೊಂಡು ಹುಟ್ಟಿದ ಈ ಕಲ್ಲಿನಲ್ಲಿ ಎಲುಬು ಉಳಿಯಲಾರದು. ಅದು ಹುಟ್ಟಿದಾಗ ಎಲುಬುಳ್ಳ ಪ್ರಾಣಿ ಲೋಕದಲ್ಲಿಯೇ ಇರಲಿಲ್ಲ. ಅದನ್ನೇ ನಮ್ಮವರು ಸೈಜುಗಲ್ಲು, ಚಪ್ಪಡಿ, ಜಲ್ಲಿ ಎಂದು ಲಾರಿಗಳಲ್ಲಿ ತುಂಬಿಸಿಕೊಂಡು ಹೋಗುತ್ತಾರೆ.

ಆದರೆ ಈ ಕಲ್ಲು ಆ ಕಥೆಗೆ ಹೊರಗಿನದಲ್ಲ. ಗೋದಾವರಿಯ ತೀರದಲ್ಲಿ ಆ ಸಣ್ಣ ಪ್ರಾಣಿಗಳು ಹುಳು ಹಿಡಿಯುತ್ತಿದ್ದಾಗ ನಮ್ಮ ಬಂಡೆಯೂ ಅದೇ ಗೊಂಡ್ವಾನದ ಅಂಗವಾಗಿತ್ತು. ಅಂಟಾರ್ಕ್ಟಿಕ, ಮಡಗಾಸ್ಕರ್, ಆಫ್ರಿಕಗಳೆಲ್ಲ ನೆರೆಮನೆಗಳಾಗಿದ್ದುವು. ಆ ನೆರೆಹೊರೆ ಮುರಿದು ಬಿದ್ದುದರ ಸಾಕ್ಷಿ ಕನ್ನಡನಾಡಿನಲ್ಲಿಯೇ ಇದೆ, ಅದೂ ಹೆಣ್ಣುಮಕ್ಕಳು ಪ್ರವಾಸ ಹೋಗಿ ಭಾವಚಿತ್ರ ತೆಗೆಸಿಕೊಳ್ಳುವ ಸ್ಥಳದಲ್ಲಿ. ಉಡುಪಿಯ ಮಲ್ಪೆಗೆ ಎದುರಾಗಿ ಸಮುದ್ರದಲ್ಲಿರುವ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು, ಮಡಗಾಸ್ಕರವು ನಮ್ಮಿಂದ ಕಳಚಿಕೊಂಡ ಕಾಲದಲ್ಲಿ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಉಕ್ಕಿಬಂದ ಲಾವಾರಸವು ತಣ್ಣಗಾಗಿ ಬಿರಿದು ಆದವು. ಎಲುಬುಗಳು ಬೇಕೆನ್ನುವವರಿಗೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯಿದೆ; ಅಲ್ಲಿ ಡೆಕ್ಕನ್ ಲಾವಾ ಪದರಗಳ ನಡುವಣ ಕೆಸರುಗಲ್ಲಿನಲ್ಲಿ ಮೀನು, ಕಪ್ಪೆ ಮೊದಲಾದವುಗಳ ಅವಶೇಷಗಳು ದೊರೆತಿವೆ.

ಈಗ ಮನೆಯ ಮಾತಿಗೆ ಬರೋಣ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಾನು ಮುಂದೆ ಭೂಗರ್ಭಶಾಸ್ತ್ರ ಓದುವೆನೆಂದು ಮನೆಯಲ್ಲಿ ಹೇಳಿದಳಂತೆ. ಆಕೆಯ ತಂದೆಯವರು ನಮ್ಮನ್ನು ಕಂಡು, "ಕಲ್ಲು ಒಡೆಯುವುದಕ್ಕೆ ಓದು ಬೇಕೆ ಅಮ್ಮ? ನಮ್ಮ ತಾತನವರು ಓದದೆಯೇ ಒಡೆಯುತ್ತಿದ್ದರು. ನೀವೇ ಅವಳಿಗೆ ಸ್ವಲ್ಪ ಬುದ್ಧಿ ಹೇಳಿ," ಎಂದರು. ಅವರ ಮಾತಿನಲ್ಲಿ ಅಗೌರವವಿರಲಿಲ್ಲ, ಆತಂಕವಿತ್ತು. ತಾತ ಬಂಡೆಗೆ ಉಳಿ ಹಿಡಿದರು. ತಂದೆ ಪೀಣ್ಯದಲ್ಲಿ ಲೇತು ಯಂತ್ರ ಹಿಡಿದರು. ಮಗಳು ತಂಪಾದ ಕೋಣೆಯಲ್ಲಿ ಗಣಕಯಂತ್ರದ ಮುಂದೆ ಕೂರಬೇಕೆಂದು ಅವರು ಬಯಸಿದರೆ ಅದನ್ನು ತಪ್ಪೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಮೂರು ತಲೆಮಾರು ಹತ್ತಿದ ಮೆಟ್ಟಿಲನ್ನು ಮಗಳು ಇಳಿಯುವಳೆಂಬ ಭಯ ಅವರದು. ಆದರೆ ಅದು ಇಳಿಯುವ ಮೆಟ್ಟಿಲೆಂಬುದನ್ನು ನಾವು ಒಪ್ಪುವುದಿಲ್ಲ.

ಮೊದಲನೆಯದಾಗಿ, ಪ್ರಯೋಜನದ ಮಾತು. 2024ರ ಬೇಸಗೆಯಲ್ಲಿ ವೈಟ್‌ಫೀಲ್ಡಿನ ಕಡೆಯ ಎಷ್ಟು ಮನೆಗಳಲ್ಲಿ ನಲ್ಲಿ ಒಣಗಿ, ಟ್ಯಾಂಕರಿಗಾಗಿ ತಾಯಂದಿರು ಕಾದು ನಿಂತರೆಂಬುದನ್ನು ಯಾರೂ ಮರೆತಿರಲಾರರು. ಮೇಲೆ ಹೇಳಿದ ನೈಸ್ ಕಲ್ಲು ಮರಳಿನಂತೆ ನೀರನ್ನು ಹೀರಿಟ್ಟುಕೊಳ್ಳುವುದಿಲ್ಲ. ಮೇಲ್ಭಾಗದ ಸವೆದು ಸಡಿಲವಾದ ಪದರದಲ್ಲಿ ಸ್ವಲ್ಪ, ಕೆಳಗಣ ಬಿರುಕುಗಳಲ್ಲಿ ಸ್ವಲ್ಪ ನೀರು ನಿಲ್ಲುವುದು, ಅಷ್ಟೆ. ಬಿರುಕು ಎಲ್ಲಿದೆ, ಎತ್ತ ವಾಲಿದೆ, ಯಾವ ಕೆರೆಯಿಂದ ಅದಕ್ಕೆ ನೀರು ಇಳಿಯುವುದು ಎಂಬುದನ್ನು ತಿಳಿಯದೆ ಸಾವಿರ ಅಡಿ ಕೊರೆಸಿ ಬರಿಯ ಕಲ್ಲುಪುಡಿಯನ್ನು ಕಂಡವರು ನಮ್ಮ ವಾಚಕರಲ್ಲಿಯೇ ಇದ್ದಾರೆ. ತೆಂಗಿನಕಾಯಿ ಹಿಡಿದು ನೀರು ತೋರಿಸುವವನಿಗೆ ಕೊಡುವ ಮರ್ಯಾದೆಯನ್ನು ಆ ಶಾಸ್ತ್ರ ಓದಿದ ಮಗಳಿಗೂ ಕೊಡಬಾರದೆ? ಹುದ್ದೆಗಳಿಲ್ಲವೆಂಬ ಮಾತೂ ಸರಿಯಲ್ಲ. ಸರ್ವೇಕ್ಷಣ ಇಲಾಖೆ, ಕೇಂದ್ರ ಅಂತರ್ಜಲ ಮಂಡಲಿಗಳಿಗೆ ಕೇಂದ್ರ ಲೋಕಸೇವಾ ಆಯೋಗವೇ ಪರೀಕ್ಷೆ ನಡೆಸುತ್ತದೆ. ಓದುವುದಕ್ಕೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ.

ಎರಡನೆಯ ಆಕ್ಷೇಪಣೆ ಮನೆಯಲ್ಲಿ ತಗ್ಗಿದ ದನಿಯಲ್ಲಿ ಬರುವುದು: ಹೆಣ್ಣುಮಗಳು ಕಾಡುಗುಡ್ಡ ಅಲೆಯುವುದೆ? ಈ ಅಳುಕು ಮನೆಗೆ ಮಾತ್ರ ಸೇರಿದ್ದಲ್ಲ, ಶಾಸನದಲ್ಲಿಯೂ ಇತ್ತು. 1952ರ ಗಣಿ ಕಾನೂನು ಹೆಂಗಸರನ್ನು ನೆಲದಡಿಯ ಗಣಿಗೆ ಇಳಿಯಗೊಡುತ್ತಿರಲಿಲ್ಲ. 2019ರಲ್ಲಿ ಮಾತ್ರ ಸರ್ಕಾರವು ಅವರ ಲಿಖಿತ ಒಪ್ಪಿಗೆಯ ಮೇಲೆ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಅನುಮತಿ ಕೊಟ್ಟಿತು. ಆದರೆ ಗುಡ್ಡಗಾಡಿನ ಕೆಲಸ ಅದಕ್ಕೂ ಎಷ್ಟೋ ಮೊದಲೇ ನಡೆದಿತ್ತು. ಗೋದಾವರಿ ಕಣಿವೆಯಲ್ಲಿ ಮೇಲೆ ಹೇಳಿದ ಅಗೆತವೆಲ್ಲಕ್ಕೂ ದಾರಿ ಹಾಕಿದವರು ಪಮೇಲಾ ರಾಬಿನ್‌ಸನ್ ಎಂಬ ಮಹಿಳೆ. 1957ರಲ್ಲಿ ಮಹಲನೋಬಿಸರ ಆಹ್ವಾನದ ಮೇಲೆ ಲಂಡನ್ನಿನಿಂದ ಬಂದು, ನಮ್ಮ ದೇಶದ ತರುಣರಿಗೆ ಎಲುಬು ತೆಗೆಯುವ ವಿದ್ಯೆಯನ್ನು ಕಲಿಸಿಕೊಟ್ಟರು. ಸುದೀಪ್ತಾ ಸೇನ್‌ಗುಪ್ತ ಎಂಬ ಬಂಗಾಳದ ಭೂಗರ್ಭಶಾಸ್ತ್ರಜ್ಞೆ 1983ರಲ್ಲಿ ಅಂಟಾರ್ಕ್ಟಿಕಕ್ಕೇ ಹೋಗಿ, ಒಂದು ಕಾಲಕ್ಕೆ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಆ ಖಂಡದ ಬಂಡೆಗಳ ಮೇಲೆ ಕೆಲಸ ಮಾಡಿದರು. ಮಂಜಿನ ಖಂಡಕ್ಕೆ ಹೋಗಿಬರುವ ಹೆಣ್ಣುಮಗಳಿಗೆ ರಾಮನಗರದ ಬೆಟ್ಟವಾಗಲಿ ಯಾದಗಿರಿಯ ಬಯಲಾಗಲಿ ಅಪಾಯವೆಂದು ನಾವು ಹೇಗೆ ಹೇಳುವುದು? ಅಪಾಯವಿಲ್ಲವೆಂದಲ್ಲ, ನಮ್ಮ ಪೇಟೆಯ ಬೀದಿಗಳಲ್ಲಿರುವ ಅಪಾಯಕ್ಕಿಂತ ಹೆಚ್ಚಿಲ್ಲವೆಂದು ನಮ್ಮ ಭಾವನೆ.

ಮೂರನೆಯದೊಂದು ಇದೆ. ಇದು ಆಕ್ಷೇಪಣೆಯಲ್ಲ, ಉದಾಸೀನ. ಎಂದೋ ಸತ್ತ ಹಲ್ಲಿಯಿಂದ ಬದುಕಿರುವವರಿಗೇನು? ಟುವಟಾರವೇ ಇದಕ್ಕೆ ಉತ್ತರ ಹೇಳುತ್ತದೆ. ಅದರ ಮೊಟ್ಟೆಯಿಂದ ಹೆಣ್ಣು ಬರುವುದೋ ಗಂಡೋ ಎಂಬುದು ಗೂಡಿನ ಬಿಸಿಯನ್ನು ಅವಲಂಬಿಸಿದೆ. ಸುಮಾರು 22 ಡಿಗ್ರಿಗೆ ಮೇಲಾದರೆ ಗಂಡುಗಳೇ ಹೆಚ್ಚು. ಉತ್ತರ ಬ್ರದರ್ ಎಂಬ ಪುಟ್ಟ ದ್ವೀಪದಲ್ಲಿ ಈಗಾಗಲೇ ಹೆಣ್ಣುಗಳು ಕಡಿಮೆಯಾಗಿವೆ. ಭೂಮಿಯ ಬಿಸಿ ಏರುತ್ತ ಹೋದರೆ ಈ ಶತಮಾನ ಮುಗಿಯುವುದರೊಳಗೆ ಅಲ್ಲಿ ಗಂಡುಮರಿಗಳಲ್ಲದೆ ಹುಟ್ಟಲಾರವೆಂದು 2008ರಲ್ಲಿ ವಿದ್ವಾಂಸರು ಲೆಕ್ಕ ಹಾಕಿದರು. ನ್ಯೂಜಿಲೆಂಡಿನ ದೊಡ್ಡ ದ್ವೀಪಗಳಲ್ಲಿ, ಮನುಷ್ಯನೊಡನೆ ಬಂದ ಇಲಿಗಳ ದೆಸೆಯಿಂದ, ಈ ಪ್ರಾಣಿ ಅದಕ್ಕೆ ಮೊದಲೇ ಅಳಿದುಹೋಗಿತ್ತು. 2005ರಲ್ಲಿ ವೆಲಿಂಗ್ಟನ್ನಿನ ಬಳಿ ಬೇಲಿ ಹಾಕಿದ ಒಂದು ವನದೊಳಗೆ ಅದನ್ನು ತಂದು ಬಿಟ್ಟರು. ಅಷ್ಟು ಕೋಟಿ ವರ್ಷ ಸಕಲ ಖಂಡಗಳಲ್ಲಿ ಬಾಳಿದ ಕುಲದ ಕೊನೆಯ ಮನೆಯನ್ನು ಇಲಿಗಳೂ ಒಂದೆರಡು ಡಿಗ್ರಿ ಬಿಸಿಯೂ ಅಲುಗಿಸಬಲ್ಲವು. ಯಾವ ಪ್ರಾಣಿ ಎಷ್ಟು ಕಾಲ, ಎಷ್ಟು ದೂರ ಹರಡಿತ್ತು, ಏನನ್ನು ತಡೆದುಕೊಂಡಿತು ಎಂಬುದನ್ನು ಕಲ್ಲಿನಿಂದಲ್ಲದೆ ಬೇರೆ ಎಲ್ಲಿಂದ ತಿಳಿಯುವುದು?

ನಮ್ಮ ಕೋರಿಕೆಗಳು ದೊಡ್ಡವಲ್ಲ. ಪಾಯ ತೋಡಿಸುವ, ಕೊಳವೆ ಬಾವಿ ಕೊರೆಸುವ ಪೋಷಕರು ಅಲ್ಲಿ ಬಂದ ಕಲ್ಲಿನ ಒಂದೊಂದು ತುಂಡನ್ನು, ಎಷ್ಟು ಅಡಿಯಲ್ಲಿ ಬಂದುದೆಂದು ಚೀಟಿ ಅಂಟಿಸಿ, ಶಾಲೆಗೆ ಕಳುಹಿಸಲಿ. ವಿಜ್ಞಾನದ ಕೋಣೆಯಲ್ಲಿ ಒಂದು ಬೀರುವನ್ನು ಅದಕ್ಕೆಂದೇ ತೆರವು ಮಾಡಬಹುದು. ಸೇಲಂ, ಹೈದರಾಬಾದು, ಉಡುಪಿಗಳ ಕಡೆಗೆ ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯರು ಊರಿಗೆ ಬರುವಾಗ ತಮ್ಮ ಸೀಮೆಯ ಕಲ್ಲೊಂದನ್ನು ತರಲಿ. ಆದರೆ ಸಂರಕ್ಷಿತ ಸ್ಥಳದಿಂದ ಯಾವುದನ್ನೂ ಮುಟ್ಟಬಾರದು. ಲಾಲ್‌ಬಾಗಿನ ಬಂಡೆಯ ಮೇಲೆ ಒಂದು ಶನಿವಾರದ ಪಾಠ ನಡೆಯಲಿ, ಅದಕ್ಕೆ ಬಸ್ಸಿನ ಖರ್ಚೊಂದೇ. ಇನ್ನು ವರ್ಷದ ಪ್ರವಾಸವನ್ನು ಆಟದ ಉದ್ಯಾನಗಳಿಂದ ಬಿಡಿಸಿ ಮಲ್ಪೆಗೆ ತಿರುಗಿಸಬೇಕೆಂಬುದು ನಮ್ಮ ಆಸೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲವಾದುದರಿಂದ ಡಿಸೆಂಬರೇ ಸರಿಯಾದ ಕಾಲ. ಜೊತೆಗೆ ಬರಲೊಪ್ಪುವ ತಾಯಂದಿರು ಅಕ್ಟೋಬರ್ ಕೊನೆಯೊಳಗೆ ತರಗತಿಯ ಉಪಾಧ್ಯಾಯಿನಿಯರಲ್ಲಿ ಹೆಸರು ಕೊಟ್ಟರೆ ರೈಲಿನ ಟಿಕೀಟಿಗೆ ಅನುಕೂಲವಾಗುವುದು.